ನಿಂಬೆಯ ಮುಳ್ಳು, ಜೇನಿನ ಉಣ್ಣಿ

೨ ಫೆಬ್ರುವರಿ ೧೯೭೮, ಗುರುವಾರ. ಅಗರಖೇಡ. ೧೧೧ನೆಯ ದಿನ

ನಿಂಬೆ ಗಿಡಗಳು ಹೂ ಬಿಟ್ಟಿವೆ. ಹೋದ ವರ್ಷ ಇದೇ ಹೊತ್ತಿಗೆ ಇಂದುಬಾಯಿ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ, ಗಿಡದ ಬುಡಕ್ಕೆ ಕರೆದೊಯ್ದು, ಸುಮ್ಮನೆ ಕಣ್ಣು ಮುಚ್ಚಿ ನಿಲ್ಲರಿ ಅಂದಿದ್ದಳು. ನಿಂತಿದ್ದೆ. ಈ ವರ್ಷ ವಾಸನೆ ತಾನಾಗಿಯೇ ಹಾಸಿಗೆಯ ತನಕ ಬಂತು. ಎಬ್ಬಿಸುವವರು ಮಾತ್ರ ಇರಲಿಲ್ಲ.

ಈ ಡೈರಿ ಇಂಡಿಯ ಬೀಜದ ಅಂಗಡಿಯವನು ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಒಂದು ಸೂರ್ಯಕಾಂತಿ ಹೂವಿದೆ. ಮೂವತ್ತೊಂದು ವರ್ಷ ಊರವರ ಕಾಗದಗಳಿಗೆಲ್ಲ ಮುದ್ರೆ ಒತ್ತಿದವನು ನಾನು, ನನಗಾಗಿ ಒಂದು ಸಾಲು ಬರೆದುಕೊಂಡವನಲ್ಲ. ಹೂವಿನ ಹಿಪ್ಪರಗಿಯ ಪೋಸ್ಟ್‌ಮಾಸ್ತರಕಿಯಿಂದ ರಿಟೈರ್ ಆಗಿ ಅವಳ ತವರಿನ ಈ ತೋಟಕ್ಕೆ ಬಂದು ನಾಲ್ಕು ವರ್ಷ. ಅರವತ್ತೆರಡರ ಮುದುಕನಿಗೆ ಊರೆಲ್ಲ ಇನ್ನೂ ಅಳಿಯಾರ ಅನ್ನುತ್ತದೆ. ಅಳಿಯ ಸನಿಕೆ ಮುಟ್ಟುವಂತಿಲ್ಲ. ಏನನ್ನೂ ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ, ಕೇಳುವ ಮೊದಲೇ ಕೊಡಲಿಲ್ಲವಲ್ಲ ಎಂದು ಮನೆಯವರಿಗೆ ಅವಮಾನ. ನನ್ನ ಪರವಾಗಿ ಕೇಳುವ ಕೆಲಸವನ್ನೆಲ್ಲ ಇಂದುಬಾಯಿ ಮಾಡುತ್ತಿದ್ದಳು. ಈಗ ಭಾವಮೈದುನನ ಮನೆಯಿಂದ ಹೊತ್ತಿಗೆ ಸರಿಯಾಗಿ ರೊಟ್ಟಿ ಬರುತ್ತದೆ. ಉಪ್ಪು ಕಡಿಮೆಯಿದ್ದರೂ ತಿನ್ನುತ್ತೇನೆ.

ಬರೆಯಲು ಕುಳಿತದ್ದು ಬೇರೆ ವಿಷಯಕ್ಕೆ. ಅವಳ ಜೇನುಪೆಟ್ಟಿಗೆ ಬೇವಿನ ಬುಡದ ಕಲ್ಲಿನ ಮೇಲಿದೆ. ಅಲ್ಲಿಂದ ಹತ್ತು ಹೆಜ್ಜೆಗೆ ಅವಳ ಸಮಾಧಿ. ದಿನಾ ಬೆಳಿಗ್ಗೆ ಅಲ್ಲಿಯೇ ಕೂಡುತ್ತೇನೆ. ಇವತ್ತು ಪೆಟ್ಟಿಗೆಯ ಬಾಗಿಲಿನಲ್ಲಿ ಒಂದು ಜೇನುನೊಣದ ನಡುವಿನ ಮೇಲೆ ಕೆಂಪು ಚುಕ್ಕೆ ಕಂಡಿತು, ಸಾಸಿವೆಯ ಅರ್ಧದಷ್ಟು. ಹೂವಿನ ಪುಡಿ ಇರಬಹುದೆಂದುಕೊಂಡೆ. ಚುಕ್ಕೆ ನಡೆಯಿತು. ದನಕ್ಕೆ ಹತ್ತುವ ಉಣ್ಣಿಯಂಥದೇ, ಆದರೆ ಜೇನಿಗೆ.

ಸಾಂಗಲಿಯ ಕಾಲೇಜಿನಲ್ಲಿ ಒಂದೂವರೆ ವರ್ಷ ಇಂಟರ್ ಸಾಯನ್ಸ್ ಓದಿದ್ದು ಒಮ್ಮೆಲೇ ನೆನಪಿಗೆ ಬಂತು. ಪ್ರೊಫೆಸರರು ಬರೆಸಿದ್ದರು: ದಿ ಪ್ಯಾರಸೈಟ್ ಲಿವ್ಸ್ ಅಟ್ ದಿ ಕಾಸ್ಟ್ ಆಫ್ ದಿ ಹೋಸ್ಟ್, ಬಟ್. ಇನ್ನೊಬ್ಬರ ಮೈಮೇಲೆ ಅವರದನ್ನೇ ಉಂಡು ಬದುಕುವ ಪ್ರಾಣಿ, ಆದರೆ. ಆ ಬಟ್ ಆದ ಮೇಲೆ ಏನೋ ಇತ್ತು. ಎಷ್ಟು ತಲೆ ಕೆರೆದರೂ ಬರಲಿಲ್ಲ.

೫ ಫೆಬ್ರುವರಿ, ರವಿವಾರ. ೧೧೪

ಕಾಸಿಂಸಾಬ ಬಂದಿದ್ದ. ಖಾದಿ ಸಂಘದವರ ಪರವಾಗಿ ಊರಿನ ಹನ್ನೊಂದು ಪೆಟ್ಟಿಗೆ ನೋಡಿಕೊಳ್ಳುವವನು. ನಾಲ್ಕನೆಯ ಇಯತ್ತೆ ಪಾಸು. ಮಹಾಬಳೇಶ್ವರದ ಕಡೆ ಮೂರು ತಿಂಗಳು ಇದ್ದು ಜೇನಿನ ಕೆಲಸ ಕಲಿತು ಬಂದಿದ್ದಾನೆ. ಉಣ್ಣಿ ತೋರಿಸಿದೆ. ಎಲ್ಲೂ ಕಾಣದ ಸಂಗತಿ ಕಂಡೆನೋ ಎಂಬಂತೆ ನನ್ನ ಮುಖ ನೋಡಿದ.

"ಇದು ಅವರ ಮನಿ ಜಗಳ, ಅಳಿಯಾರ. ನಾವು ನಡುವ ಬಾಯಿ ಹಾಕಬಾರದು. ನಮ್ಮ ಈ ನೊಣ ಉಣ್ಣೀನ ಅಜ್ಜ ಮುತ್ತಜ್ಜನ ಕಾಲದಿಂದ ಕಂಡಾವ."

ಪೆಟ್ಟಿಗೆ ಪದೇ ಪದೇ ತೆರೆಯಬೇಡಿ ಎಂದೂ ಹೇಳಿದ. ಮನಿ ಜಗಳವಂತೆ. ಇದಕ್ಕೆ ಸಾಯನ್ಸ್ ಅನ್ನುತ್ತಾರೆಯೇ? ಇಂದುಬಾಯಿಯ ಕಾಲು ಬಾತಾಗಲೂ ಒಬ್ಬ ಹೀಗೆಯೇ, ತಾನೇ ಇಳಿಯುತ್ತದೆ ಬಿಡಿ ಅಂದಿದ್ದ. ಬಿಟ್ಟೆ. ಬಿಟ್ಟದ್ದಕ್ಕೇ ಈಗ ಅವಳಿಲ್ಲದ ದಿನ ಎಣಿಸುತ್ತಿದ್ದೇನೆ.

ಅವನು ಹೋದ ಮೇಲೆ ನಿಂಬೆಯ ಕೆಳಗೆ ಬಗ್ಗಿ ಏಳುವಾಗ ಬೆನ್ನಿಗೆ ಮುಳ್ಳು ಚುಚ್ಚಿ ಒಳಗೇ ಮುರಿಯಿತು. ಎಡ ಹೆಗಲಿನ ಹಿಂದೆ. ಮೇಲಿನಿಂದ ಕೈ ಹಾಕಿದರೂ ಎಟುಕದು, ಕೆಳಗಿನಿಂದ ಹಾಕಿದರೂ ಎಟುಕದು. ಪ್ರತಿ ಹಂಗಾಮಿನಲ್ಲಿ ಒಂದೆರಡು ಹೀಗೆ ಆಗುವುದೇ. ಅವಳ ಬಳೆಗೆ ಸದಾ ಒಂದು ಪಿನ್ನು ಜೋತುಬಿದ್ದಿರುತ್ತಿತ್ತು. ಹೊರಳ್ರಿ ಅನ್ನುತ್ತಿದ್ದಳು. ಹೊರಳುತ್ತಿದ್ದೆ. ಅಷ್ಟೇ.

೯ ಫೆಬ್ರುವರಿ, ಗುರುವಾರ. ೧೧೮

ಉಪಾಯ ಸಿಕ್ಕಿದೆ.

ತೋಟದಲ್ಲಿ ಕಳೆ ತೆಗೆಯುವ ಹುಲಿಗೆವ್ವ ಮಧ್ಯಾಹ್ನದ ಬುತ್ತಿ ಉಂಡು, ಬೇವಿನ ನೆರಳಿಗೆ ಕೂತು ತಲೆ ಕೆರೆದುಕೊಳ್ಳುತ್ತಿದ್ದಳು. ಇಂದುಬಾಯಕ್ಕ ಇದ್ದಿದ್ದರೆ ಸೀತಾಫಲದ ಬೀಜ ಕುಟ್ಟಿ ಪುಡಿ ಕೊಡುತ್ತಿದ್ದಳು, ಒಂದು ಸಲ ಹಚ್ಚಿದರೆ ಹೇನೆಲ್ಲ ಉದುರಿ ಬೀಳುತ್ತಿದ್ದವು ಎಂದಳು. ನನ್ನ ತಲೆಯಲ್ಲಿ ದೀಪ ಹತ್ತಿತು. ಹೇನು ಏನು, ಉಣ್ಣಿ ಏನು? ಪ್ಯಾರಸೈಟ್ ಈಸ್ ಪ್ಯಾರಸೈಟ್. ತಲೆಗೂದಲಿನಲ್ಲಿ ಉದುರುವುದು ಜೇನಿನ ಮೈಯಿಂದ ಏಕೆ ಉದುರಬಾರದು? ಇದನ್ನು ಇಂಗ್ಲಿಷಿನಲ್ಲಿ ಏನೋ ರೀಸನಿಂಗ್ ಅನ್ನುತ್ತಾರೆ, ಹೆಸರು ಮರೆತೆ.

ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬೀಜದ ಡಬ್ಬಿ ಇತ್ತು. ಹೋದ ದೀಪಾವಳಿಗೆ ಮೊದಲು ಅವಳೇ ತೊಳೆದು ಒಣಗಿಸಿಟ್ಟದ್ದು. ಮುಚ್ಚಳದ ಒಳಗೆ ಅವಳ ಸೀರೆಯ ಅಂಚಿನ ಚಿಂದಿ ಸುತ್ತಿದ್ದಳು, ಗಾಳಿ ಹೋಗದಂತೆ. ಚಿಂದಿಯನ್ನು ಮೂಸಿ ನೋಡಿದೆ. ಬೀಜದ ವಾಸನೆಯೇ.

ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಸಂಜೆ ನೊಣಗಳೆಲ್ಲ ಒಳಗೆ ಬಂದ ಮೇಲೆ ಮುಚ್ಚಳ ತೆಗೆದು ಜೇನುಹುಟ್ಟು ಕಟ್ಟಿದ ಚೌಕಟ್ಟುಗಳ ಮೇಲೆ ಉದುರಿಸಿದೆ. ಎಷ್ಟೋ ದಿನಗಳ ಮೇಲೆ ಅವಳ ಜತೆ ಕೂಡಿ ಒಂದು ಕೆಲಸ ಮಾಡಿದಂತೆ ಅನಿಸಿತು.

೧೦ ಫೆಬ್ರುವರಿ. ೧೧೯

ಬಾಗಿಲಿನ ಮುಂದೆ ನೊಣ ಸತ್ತು ಬಿದ್ದಿವೆ. ಎರಡು ಬೊಗಸೆ.

೧೧ ಫೆಬ್ರುವರಿ. ೧೨೦

ಮತ್ತೊಂದು ಬೊಗಸೆ. ಕೆಲವು ಬೆನ್ನ ಮೇಲೆ ಬಿದ್ದು ಕಾಲು ಆಡಿಸುತ್ತಿದ್ದವು. ಅವುಗಳ ಜತೆ ಉಣ್ಣಿಯೂ ಸತ್ತಿರಬಹುದು. ನೋಡುವ ಧೈರ್ಯವಾಗಲಿಲ್ಲ. ತಳದ ಹಲಗೆ ಜಗ್ಗಿ ಪುಡಿಯನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದೆ, ಚೌಕಟ್ಟಿನ ತಲೆಗಳನ್ನೂ ಒರೆಸಿದೆ. ಏಳು ಕಡೆ ಕಚ್ಚಿದವು. ಸರಿಯಾಗಿಯೇ ಇದೆ.

ಅವಳು ಇದೇ ನೊಣಗಳ ಮುಂದೆ ಬರಿಗೈಯಲ್ಲಿ ಕೂತು ಏನೋ ಗುನುಗುತ್ತಿದ್ದಳು. ಯಾವ ಹಾಡೆಂದು ಒಮ್ಮೆಯೂ ಕೇಳಲಿಲ್ಲ. ಮನೆಯ ತುಂಬ ಅದಿರುತ್ತಿತ್ತು, ಕೇಳುವ ಅವಶ್ಯಕತೆ ಕಾಣಲಿಲ್ಲ.

೧೪ ಫೆಬ್ರುವರಿ, ಮಂಗಳವಾರ. ೧೨೩

ಕಾಸಿಂಸಾಬ ಬಂದ. ಬುಡದಲ್ಲಿ ಬಿದ್ದ ನೊಣಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದ. ಪೆಟ್ಟಿಗೆ ತೆರೆದ. ಮೊದಲಿನ ಅರ್ಧದಷ್ಟು ನೊಣವೂ ಇಲ್ಲ. ಮುಖ ಸಣ್ಣದಾಯಿತು. ಇಂಥ ಸಾವು ತಾನು ಕಂಡಿಲ್ಲ, ಉಣ್ಣಿಯಿಂದ ಹೀಗಾಗುವುದಿಲ್ಲ, ಯಾವುದೋ ಹೊಸ ಬೇನೆ, ಇಲ್ಲಿಂದ ಉಳಿದ ಹತ್ತು ಪೆಟ್ಟಿಗೆಗೂ ಹೋಗುತ್ತದೆ ಎಂದ. ಗುರುವಾರ ಗಂಧಕ ತರುತ್ತಾನಂತೆ. ಬಾಗಿಲು ಮುಚ್ಚಿ ಹೊಗೆ ಹಾಕಿದರೆ ಒಂದು ತಾಸಿನಲ್ಲಿ ಎಲ್ಲ ಮುಗಿಯುತ್ತದೆ. ಆಮೇಲೆ ಪೆಟ್ಟಿಗೆಯನ್ನೂ ಸುಡಬೇಕು.

ಇಷ್ಟು ಹೇಳಿ, ನಾನೇ ತಪ್ಪು ಮಾಡಿದಂತೆ ಆಗಿದೆ ಅಳಿಯಾರ, ಇಂದುಬಾಯಕ್ಕನ ಮುಂದೆ ಹೆಂಗ ನಿಲ್ಲಲಿ ಎಂದು ಸಮಾಧಿಯ ಕಡೆ ನೋಡಿದ.

ನಾನು ಹೇಳಲಿಲ್ಲ. ಬಾಯಿಯ ತನಕ ಬಂತು. ಕಲಿತವರು, ಪೋಸ್ಟ್‌ಮಾಸ್ತರರು, ಊರಿನ ಅಳಿಯಂದಿರು ಜೇನಿಗೆ ಹೇನಿನ ಔಷಧ ಹಾಕಿದರಂತೆ ಎಂಬುದು ನಾಳೆ ಬಾವಿಕಟ್ಟೆಯ ತನಕ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ತಲೆ ಆಡಿಸಿದೆ.

ಪೆಟ್ಟಿಗೆ ಹೋದರೆ ಈ ಊರಿಗೆ ನಾನು ಯಾರು? ಮುದ್ದೇಬಿಹಾಳಕ್ಕೆ, ತಮ್ಮ ಶ್ರೀಶೈಲಪ್ಪನ ಮನೆಗೆ ಹೋಗುವುದು. ಅವನು ಕರೆಯುತ್ತಲೇ ಇದ್ದಾನೆ.

ಬೆನ್ನಿನಲ್ಲಿ ಮುಳ್ಳು ಮಿಡಿಯುತ್ತಿದೆ. ಬರೆಯಲು ಬಗ್ಗಿದರೆ ಹೆಚ್ಚು.

೧೫ ಫೆಬ್ರುವರಿ, ಬುಧವಾರ. ೧೨೪

ಹೋದೆ. ನಾಲ್ಕು ವರ್ಷದಲ್ಲಿ ಕಾಸಿಂಸಾಬನ ಮನೆಯ ಹೊಸ್ತಿಲು ಮೊದಲ ಸಲ ತುಳಿದದ್ದು. ಅವನು ಅಂಗಳದಲ್ಲಿ ಹೊಸ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ಅಳಿಯನನ್ನು ಕಂಡು ಗಡಬಡಿಸಿ ಎದ್ದು ಕಂಬಳಿ ಹಾಸಿದ. ಅವನ ಹೆಂಡತಿ ಸೈದಾಬಿ ಒಳಗೆ ಚಹಾಕ್ಕಿಟ್ಟಳು. ನಾನು ಕಂಬಳಿಯ ಮೇಲೆ ಕೂಡಲಿಲ್ಲ.

"ಕಾಸಿಂಸಾಬ, ಆ ನೊಣ ಬೇನಿಯಿಂದ ಸತ್ತಿಲ್ಲ."

"ಮತ್ತ?"

"ನಾ ಕೊಂದೇನಿ."

ಸೀತಾಫಲದ ಬೀಜದಿಂದ ಒದ್ದೆ ಬಟ್ಟೆಯ ತನಕ ಎಲ್ಲ ಹೇಳಿದೆ. ಪೋಸ್ಟಾಫೀಸಿನಲ್ಲಿ ಒಮ್ಮೆ ಇನ್ಸ್‌ಪೆಕ್ಟರರ ಮುಂದೆ ನಿಂತು ಹೇಳಿದಂತೆ, ಸಾಲು ಸಾಲಾಗಿ. ಮುಗಿದ ಮೇಲೆ ಒಳಗಿನಿಂದ ಸೈದಾಬಿಯ ದನಿ ಬಂತು:

"ಪುಡಿ ಹಚ್ಚಿದ ಮ್ಯಾಲ ಬಾಚಣಿಕಿಲೆ ಬಾಚಿದ್ರೋ ಇಲ್ಲೋ ಅಳಿಯಾರ?"

ಕಾಸಿಂಸಾಬ ನಗಲಿಲ್ಲ. ಸುತ್ತಿಗೆ ಕೆಳಗಿಟ್ಟ.

"ನಿನ್ನೆ ಯಾಕ ಹೇಳಲಿಲ್ಲರಿ? ನಾಳೆ ಈ ಕೈಲೆ ಅವನ್ನ ಕೊಲ್ಲಾಂವ ಇದ್ದೆ."

"ನಾಚಿಕಿ ಬಂತು."

"ನಾಚಿಕಿಗೆ ಒಂದ ಪೆಟಗಿ ನೊಣ?" ಎಂದ. ಚಹಾ ಬಂತು. ಬಸಿಯಲ್ಲಿ ಹುಯ್ದುಕೊಂಡು ಕುಡಿದೆ. ಕೂತಿದ್ದೆ ಎಂಬುದು ಆಗ ತಿಳಿಯಿತು.

"ಈಗ ಏನ ಮಾಡ್ಲಿ, ಹೇಳ್ರಿ" ಎಂದೆ.

"ಏನೂ ಮಾಡಬ್ಯಾಡ್ರಿ. ಅದ ಕಷ್ಟದ ಕೆಲಸ."

ಶಿವರಾತ್ರಿಯ ಮರುದಿನದ ತನಕ ಕಾಯುವುದೆಂದಾಯಿತು. ಅಷ್ಟರಲ್ಲಿ ರಾಣಿ ಮತ್ತೆ ಮೊಟ್ಟೆ ಇಟ್ಟು, ನೊಣ ಕೂಡಿಕೊಂಡು, ಉಣ್ಣಿಯನ್ನು ಅವೇ ಹಿಡಿತಕ್ಕೆ ತಂದರೆ ಪೆಟ್ಟಿಗೆ ಉಳಿಯುತ್ತದೆ. ನೊಣ ಇಷ್ಟು ಕಡಿಮೆಯಾದ ಮೇಲೆ ಉಣ್ಣಿಯೇ ಮೇಲಾದರೆ ಗಂಧಕವೇ ಗತಿ. ಬಲವಿಲ್ಲದ ಪೆಟ್ಟಿಗೆಯನ್ನು ಹಾಗೆ ಬಿಟ್ಟರೆ ಅದರ ಉಣ್ಣಿ ಬೇರೆ ಪೆಟ್ಟಿಗೆಗಳಿಗೆ ಹೋಗುತ್ತದೆ.

೧೯ ಫೆಬ್ರುವರಿ, ರವಿವಾರ. ೧೨೮ ಇರಬೇಕು, ಅಥವಾ ೧೨೯

ಮುಟ್ಟದೆ ನೋಡಬೇಕಾದರೆ ಒಳಮುಚ್ಚಳಕ್ಕೆ ಗಾಜು ಬೇಕು ಎಂದರು ಕಾಸಿಂಸಾಬ. ಊರಿನಲ್ಲಿ ಗಾಜು ಎಲ್ಲಿ? ಇಂಡಿಗೆ ಹೋಗಬೇಕು. ಅವರು ನಿಂತಿದ್ದ ಹಾಗೆಯೇ ನಾನು ಒಳಗೆ ಹೋಗಿ, ಇಂದುಬಾಯಿಯ ಫೋಟೋದ ಹಿಂದಿನ ಮೊಳೆ ಕಿತ್ತು ಗಾಜು ತಂದೆ. ಒಂದು ಬೆರಳಿನಷ್ಟು ಗಿಡ್ಡವಾಯಿತು. ಸಂದಿಗೆ ಮೇಣ ಮೆತ್ತಿದರು. ಮೇಲೆ ಮರದ ಮುಚ್ಚಳ ಇದ್ದೇ ಇದೆ. ಅದನ್ನು ಎತ್ತಿದರೆ ಒಳಗೆಲ್ಲ ಕಾಣುತ್ತದೆ.

ಫೋಟೋ ಈಗ ಬರಿ. ಬೆರಳಿಟ್ಟರೆ ಕಾಗದ ಹತ್ತುತ್ತದೆ. ಗಾಜಿದ್ದಾಗ ಅವಳ ಮುಖದ ಮೇಲೆ ನನ್ನ ಮುಖವೂ ಮೂಡುತ್ತಿತ್ತು.

ನೋಡಿದ್ದನ್ನು ಬರೆಯುತ್ತೇನೆ, ಅಬ್ಸರ್ವೇಶನ್. ಮೈಮೇಲೆ ಉಣ್ಣಿ ಹತ್ತಿದ ಒಂದು ನೊಣ ಮೊದಲು ತಾನೇ ನಡುಗಾಲಿನಿಂದ ಕೆರೆದುಕೊಂಡಿತು. ಎಟುಕಲಿಲ್ಲ. ಎಟುಕದ ಜಾಗದಲ್ಲೇ ಕೂತಿತ್ತು ಆ ಹರಾಮಿ. ಆಗ ನೊಣ ನಿಂತಲ್ಲೇ ಮೈಯನ್ನು ಅತ್ತಿತ್ತ ಅಲುಗಿಸತೊಡಗಿತು, ಚಳಿ ಬಂದವರ ಹಾಗೆ. ಪಕ್ಕದಲ್ಲಿ ಹೋಗುತ್ತಿದ್ದ ಇನ್ನೊಂದು ನಿಂತಿತು. ಮತ್ತೊಂದು ಬಂತು. ಇದು ರೆಕ್ಕೆ ಅಗಲಿಸಿ ಸುಮ್ಮನೆ ನಿಂತಿತು. ಅವು ನಡು, ಕುತ್ತಿಗೆ, ರೆಕ್ಕೆಯ ಬುಡ ಎಲ್ಲ ತಡಕಿದವು. ಒಂದು ಬಾಯಿ ಹಾಕಿ ಎಳೆಯಿತು. ಅಷ್ಟರಲ್ಲಿ ನನ್ನ ಉಸಿರಿಗೆ ಗಾಜು ಮಂಜಾಯಿತು. ಒರೆಸಿ ನೋಡಿದರೆ ಮೂರೂ ತಮ್ಮ ತಮ್ಮ ದಾರಿ ಹಿಡಿದಿದ್ದವು.

ಇಂದುಬಾಯಿ, ಇದನ್ನು ನೀನು ಕಂಡಿದ್ದೆಯಾ? ಕಂಡಿದ್ದರೆ ನನಗೇಕೆ ಹೇಳಲಿಲ್ಲ?

೨೪ ಫೆಬ್ರುವರಿ, ಶುಕ್ರವಾರ

ತಳದ ಹಲಗೆಯ ಮೇಲೆ ಬಿಳಿ ಕಾಗದ ಹಾಸಿದ್ದೆ. ಬೆಳಿಗ್ಗೆ ಜಗ್ಗಿ ತೆಗೆದರೆ ಹದಿನಾಲ್ಕು ಉಣ್ಣಿ. ಹಳೆಯ ಪೋಸ್ಟ್ ಮುದ್ರೆಗಳನ್ನು ಓದಲು ಬಳಸುತ್ತಿದ್ದ ಭೂತಗಾಜು ಟ್ರಂಕಿನಿಂದ ತೆಗೆದು ನೋಡಿದೆ. ಒಂಬತ್ತರ ಕಾಲು ತುಂಡಾಗಿವೆ. ಒಂದಕ್ಕೆ ಒಂದು ಬದಿಯ ಕಾಲೇ ಇಲ್ಲ. ಕಚ್ಚಿ ಕತ್ತರಿಸಿದ್ದು, ಸಂಶಯವೇ ಇಲ್ಲ. ಕಾಗದವನ್ನು ಮಡಚಿಕೊಂಡು ಕಾಸಿಂಸಾಬರ ಮನೆಗೆ ಹೆಚ್ಚುಕಡಿಮೆ ಓಡಿದೆ. ಉಣ್ಣಿ ಬೀಳುತ್ತವೆಂದು ಅವರಿಗೆ ಗೊತ್ತಿತ್ತು, ಕಾಲು ಹೋದದ್ದು ಗೊತ್ತಿರಲಿಲ್ಲ. ಭೂತಗಾಜನ್ನು ಬಹಳ ಹೊತ್ತು ಮರಳಿ ಕೊಡಲೇ ಇಲ್ಲ. ಸೈದಾಬಿಯೂ ನೋಡಿದರು. ಚಹಾ ಎರಡು ಸಲವಾಯಿತು.

ಬರುವಾಗ ಕಾಸಿಂಸಾಬರು ಜತೆಗೆ ಬಂದು, ಬದಿಯ ಒಂದು ಚೌಕಟ್ಟು ಎತ್ತಿ ಇನ್ನೊಂದು ಸಂಗತಿ ತೋರಿಸಿದರು. ಉಣ್ಣಿ ಮರಿ ಮಾಡುವುದು ಗಂಡು ನೊಣದ ಕೋಣೆಯಲ್ಲಿ. ಆ ಕೋಣೆಯ ಮುಚ್ಚಳ ಗಟ್ಟಿ, ನಡುವೆ ಸೂಜಿಮೊನೆಯಷ್ಟು ತೂತು. ಒಳಗೆ ಉಣ್ಣಿ ಬಹಳವಾಗಿ ನೊಣದ ಮರಿ ಸೋತರೆ, ತಾನೇ ಮುಚ್ಚಳ ಒಡೆದು ಹೊರಬರುವ ಶಕ್ತಿ ಅದಕ್ಕಿರುವುದಿಲ್ಲ. ಕೆಲಸದ ನೊಣಗಳು ಆ ಕೋಣೆ ಒಡೆಯುವುದಿಲ್ಲ. ತೂತಿಗೂ ಮೇಣ ಮೆತ್ತಿ ಬಿಟ್ಟುಬಿಡುತ್ತವೆ. ಮರಿಯ ಜತೆ ಉಣ್ಣಿಯ ಸಂಸಾರವೂ ಒಳಗೇ ಮುಗಿಯುತ್ತದೆ. ಜೇನುಹುಟ್ಟಿನ ಕೆಳ ಅಂಚಿನಲ್ಲಿ ಅಂಥವು ಆರು ಇದ್ದವು. ಅವುಗಳ ಮೇಲೆಯೇ ಹಾದು ನೊಣ ಕೆಲಸಕ್ಕೆ ಹೋಗುತ್ತಿದ್ದವು.

ಗಂಡು ನೊಣ ಏನು ಕೆಲಸ ಮಾಡುತ್ತದೆ ಎಂದು ಹುಲಿಗೆವ್ವ ಕೇಳಿದಳು. ಏನೂ ಇಲ್ಲ, ಕೂತು ಉಣ್ಣುತ್ತದೆ, ಸುಗ್ಗಿ ಮುಗಿದರೆ ಉಳಿದವು ಹೊರಗೆ ಹಾಕುತ್ತವೆ ಎಂದರು ಕಾಸಿಂಸಾಬ.

"ನಮ್ಮ ಅಳಿಯಾರಂಗ ಅನ್ರಿ" ಎಂದಳು ಅವಳು. "ಆದರ ಇವರನ್ನ ಯಾರೂ ಹೊರಗ ಹಾಕಂಗಿಲ್ಲ ಬಿಡ್ರಿ, ಊರ ಸಾಕತೈತಿ."

ನಕ್ಕೆ. ಬೆನ್ನು ಹಿಡಿಯಿತು. ನಗುವಾಗಲೂ ನೋಯುತ್ತದೆ ಈಗ.

ಹಾಂ, ಪ್ರೊಫೆಸರರ ವಾಕ್ಯದ ಉಳಿದದ್ದು ದಾರಿಯಲ್ಲಿ ನೆನಪಾಯಿತು: ಬಟ್ ಇಟ್ ಡಸ್ ನಾಟ್ ಯೂಜುಅಲಿ ಕಿಲ್ ಹಿಮ್. ಸಾಮಾನ್ಯವಾಗಿ ಕೊಲ್ಲುವುದಿಲ್ಲ. ನಲವತ್ತು ವರ್ಷದ ಹಿಂದೆ ಬರೆಸಿದ್ದರು, ಪರೀಕ್ಷೆಗೆ ಬಂದಿರಲಿಲ್ಲ.

೨ ಮಾರ್ಚ್, ಗುರುವಾರ

ಶ್ರೀಶೈಲಪ್ಪನ ಕಾಗದ ಬಂದಿದೆ. ಅಲ್ಲಿ ಒಬ್ಬನೇ ಕೂತು ಏನು ಮಾಡುತ್ತೀ ಅಣ್ಣ, ಶಿವರಾತ್ರಿಗೆ ಮೊದಲೇ ಬಾ, ಕೋಣೆ ತೆರವು ಮಾಡಿಸಿದ್ದೇನೆ ಎಂದು ಬರೆದಿದ್ದಾನೆ. ಒಳ್ಳೆಯವನು. ಉತ್ತರ ಬರೆಯಲು ಕೂತು, ಪೆಟ್ಟಿಗೆಯ ವಿಷಯವೇ ಎರಡು ಪುಟವಾಯಿತು. ಬರುವ ಮಾತು ಬರೆಯಲು ಜಾಗ ಉಳಿಯಲಿಲ್ಲ.

ಮೈ ಬೆಚ್ಚಗಿದೆ. ಎರಡು ದಿನದಿಂದ ಅಂಗಾತ ಮಲಗಲಾಗುತ್ತಿಲ್ಲ. ಅಂಗಿಯ ಹಿಂದೆ ಕಲೆ ಕಂಡು ಹುಲಿಗೆವ್ವ ಏನಾಯಿತೆಂದು ಕೇಳಿದಳು. ಗೋಡೆಯ ಸುಣ್ಣ ಎಂದೆ. ಸುಣ್ಣ ಹಳದಿ ಇರುತ್ತದೆಯೇ ಎಂದಳು.

ಕಾಗದದ ಮೇಲೆ ಇವತ್ತು ಐದೇ ಉಣ್ಣಿ. ಎಲ್ಲವನ್ನೂ ಕಚ್ಚಿವೆ.

ಮಧ್ಯಾಹ್ನ ಗಾಜಿನ ಮೇಲೆ ಕಿವಿಯಿಟ್ಟು ಒರಗಿದ್ದೆ. ಒಳಗಿನ ಗುಂಯ್ ಒಂದೇ ಸಮ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ, ನಡುವೆ ನಿಂತು ಮತ್ತೆ ಶುರುವಾಗುತ್ತದೆ. ಇಂದುಬಾಯಿ ಗುನುಗುತ್ತಿದ್ದದ್ದು ಹಾಡಲ್ಲ. ಇದೇ. ಅವು ಅಂದದ್ದನ್ನು ಅವಳು ಅವಕ್ಕೇ ತಿರುಗಿ ಅನ್ನುತ್ತಿದ್ದಳು. ನಾನೂ ಸ್ವಲ್ಪ ಅಂದು ನೋಡಿದೆ. ನನ್ನ ದನಿಗೆ ಕೂಡುವುದಿಲ್ಲ. ಅವಳ ದನಿ ಮಾತ್ರ ಒಂದು ಗಳಿಗೆ ಕಿವಿಯ ಹತ್ತಿರ ಬಂದಿತ್ತು. ಕಣ್ಣು ತೆರೆಯಲಿಲ್ಲ.

೮ ಮಾರ್ಚ್, ಬುಧವಾರ. ಶಿವರಾತ್ರಿಯ ಮರುದಿನ

ಕಾಸಿಂಸಾಬರು ಚೀಲ ಹಿಡಿದು ಬಂದರು. ಚೀಲದಲ್ಲಿ ಗಂಧಕದ ಪೊಟ್ಟಣವಿತ್ತು. ನಾನು ಕೇಳಲಿಲ್ಲ, ಅವರು ಬಚ್ಚಿಡಲಿಲ್ಲ.

ಗಾಜು ತೆಗೆದು ಚೌಕಟ್ಟುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದರು. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ನನಗೆ ಸಮಾಧಿಯ ಕಡೆ ನೋಡಲಾಗಲಿಲ್ಲ. ಮೂರನೆಯದನ್ನು ಸ್ವಲ್ಪ ಓರೆ ಮಾಡಿ ನನ್ನ ಮುಖದ ಮುಂದೆ ತಂದರು. ಪ್ರತಿ ಕೋಣೆಯ ತಳದಲ್ಲಿ ಬಿಳಿ ದಾರದ ತುಣುಕಿನಂಥ ಮೊಟ್ಟೆ. ನಾಲ್ಕನೆಯದರಲ್ಲಿ ದಪ್ಪ ಮರಿಗಳು, ಅವುಗಳ ಮೇಲೆ ನೊಣ ಒತ್ತಾಗಿ ಕೂತಿದ್ದವು. ಅರ್ಧ ತಾಸು ಹುಡುಕಿದೆವು, ನಾನು ಭೂತಗಾಜಿನಲ್ಲಿ, ಅವರು ಬರಿಗಣ್ಣಿನಲ್ಲಿ. ಮೂರು ಉಣ್ಣಿ ಸಿಕ್ಕವು. ಮೂರು ಇರಲಿ, ಪೂರ್ತಿ ಎಂದೂ ಹೋಗುವುದಿಲ್ಲ ಎಂದರು.

"ಕುಂತಾವ" ಎಂದು ಮುಚ್ಚಳ ಹಾಕಿದರು. ಗಂಧಕ ಚೀಲದಿಂದ ಹೊರಗೆ ಬರಲೇ ಇಲ್ಲ. ಬರ್ತೇನಿ ಅಳಿಯಾರ ಎಂದು ಚೀಲ ಹೆಗಲಿಗೇರಿಸಿದರು.

"ಕಾಸಿಂಸಾಬ, ನಿಲ್ರಿ" ಎಂದೆ. "ನನ್ನ ಬೆನ್ನಾಗ ನಿಂಬಿ ಮುಳ್ಳೈತಿ. ತಗೀರಿ."

ಅಂಗಿ ಎತ್ತಿ ನೋಡಿ ಅವರು ಹಲ್ಲಿನ ನಡುವೆ ಉಸಿರೆಳೆದರು.

"ಎಷ್ಟ ದಿನಾ ಆತ್ರಿ ಇದು?"

"ತಿಂಗಳಾತು."

"ತಿಂಗಳಾತು? ಯಾರ ಮುಂದೂ ಅನ್ನಲಿಲ್ಲ?"

ಹುಲಿಗೆವ್ವ ಸನಿಕೆ ಬಿಸಾಕಿ ಬಂದಳು. ಇದೇ ಏನ್ರಿ ನಿಮ್ಮ ಸುಣ್ಣ ಎಂದು ಬೈದಳು. ಅಳಿಯನನ್ನು ಬೈದದ್ದು ಈ ಊರಿನಲ್ಲಿ ಇವಳೇ ಮೊದಲು. ನಾನು ಒಳಗೆ ಹೋಗಿ ಇಂದುಬಾಯಿಯ ಕುಂಕುಮದ ಭರಣಿಯಿಂದ ಪಿನ್ನು ತಂದೆ. ಅವಳ ಬಳೆಯಿಂದ ಬಿಚ್ಚಿ ಅಂದಿನಿಂದ ಅದರಲ್ಲೇ ಇಟ್ಟಿದ್ದೆ. ಕಾಸಿಂಸಾಬರು ಕಡ್ಡಿ ಗೀರಿ ಮೊನೆ ಕಾಯಿಸಿದರು. ಹೊರಳ್ರಿ ಎಂದರು. ಹೊರಳಿದೆ. ಹುಲಿಗೆವ್ವ ಎರಡೂ ಹೆಗಲು ಒತ್ತಿ ಹಿಡಿದಳು. ಬೇವಿನ ಬುಡದಲ್ಲಿ ಪೆಟ್ಟಿಗೆಗೆ ಮುಖ ಮಾಡಿ ಕೂತಿದ್ದೆ. ನೊಣ ನನ್ನ ಮೊಣಕಾಲಿನ ಪಕ್ಕದಿಂದಲೇ ಹೋಗಿಬಂದು ಮಾಡುತ್ತಿದ್ದವು. ಕೂಗಿದೆ ಎಂದು ಹುಲಿಗೆವ್ವ ಹೇಳುತ್ತಾಳೆ. ನನಗೆ ನೆನಪಿಲ್ಲ. ಮುಳ್ಳು ಅರ್ಧ ಬೆರಳುದ್ದ ಇತ್ತು. ಅರಿಶಿನ, ಬೇವಿನೆಲೆ ಅರೆದು ಮೆತ್ತಿದರು.

ಸಂಜೆ ರೊಟ್ಟಿ ತಂದವರ ಕೈಯಲ್ಲಿ, ಪಲ್ಯಕ್ಕೆ ಒಂದಿಷ್ಟು ಉಪ್ಪು ಹೆಚ್ಚು ಹಾಕಿ ಎಂದು ಹೇಳಿಕಳಿಸಿದೆ.

ಅಂಗಾತ ಮಲಗಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಾಗಿವೆ. ಹೂವಿನ ವಾಸನೆ ಇನ್ನೂ ಇದೆ, ಆದರೆ ಕಡಿಮೆಯಾಗುತ್ತಿದೆ, ಕಾಯಿ ಕಚ್ಚಿರಬೇಕು. ಬೆಳಿಗ್ಗೆ ಬೇಗ ಎದ್ದು ಗಿಡದ ಬುಡಕ್ಕೆ ಹೋಗಿ ನೋಡಬೇಕು.

ಪಿನ್ನು ಭರಣಿಯಲ್ಲಿಲ್ಲ. ಅಂಗಳದಲ್ಲೂ ಹುಡುಕಿಸಿದೆ. ಕಾಸಿಂಸಾಬರು ತಮ್ಮ ಟೊಪ್ಪಿಗೆಗೆ ಚುಚ್ಚಿಕೊಂಡು ಹಾಗೆಯೇ ಹೋಗಿರಬೇಕು. ಇರಲಿ. ನಾಳೆ ಚಹಾಕ್ಕೆ ಹೋದಾಗ ಕೇಳಿದರಾಯಿತು.